ನೈಟ್ರೋ ಟ್ರಕ್ ಥ್ರಾಟಲ್ ಕೊಟ್ಟಾಗ ನಿಂತುಬಿಡುತ್ತಾ? ಮೊದಲು ಪೈಪ್ ನೋಡಿ

ರಿಮೋಟ್‌ನಿಂದ ಓಡಿಸುವ, ನೈಟ್ರೋ ಇಂಧನದ ಪುಟ್ಟ ಟ್ರಕ್ ಸ್ಟಾರ್ಟ್ ಆಗುತ್ತದೆ, ಥ್ರಾಟಲ್ ಕೊಟ್ಟರೆ ಆಫ್. ಇಂಥ ಹೊತ್ತಲ್ಲಿ ಎಲ್ಲರ ಕೈಯೂ ನೀಡಲ್ (ಕಾರ್ಬ್ಯುರೇಟರ್‌ನಲ್ಲಿ ಇಂಧನ ಹೆಚ್ಚು-ಕಡಿಮೆ ಮಾಡುವ ಸ್ಕ್ರೂ) ಕಡೆಗೇ ಹೋಗುತ್ತದೆ, ಅಲ್ವಾ? ನಾನು ಸ್ಕ್ರೂಡ್ರೈವರ್ ಮುಟ್ಟುವುದು ಕೊನೆಗೆ.

ಈ ಟ್ರಕ್‌ಗಳಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಎಕ್ಸಾಸ್ಟ್ ಪೈಪಿನಿಂದ ಬರುವ ಒತ್ತಡವೇ ಟ್ಯಾಂಕಿನ ಇಂಧನವನ್ನು ಕಾರ್ಬ್ಯುರೇಟರ್‌ಗೆ ತಳ್ಳಬೇಕು. ಎಲ್ಲಾದರೂ ಗಾಳಿ ಸೋರಿದರೆ ಕಥೆ ಮುಗೀತು.

ಎಂಜಿನ್ ಓಡುವಾಗ ಇಂಧನದ ಪೈಪನ್ನೇ ದಿಟ್ಟಿಸಿ. ಗುಳ್ಳೆ ಹರಿಯುತ್ತಿದ್ದರೆ ಪೈಪಿನ ತುದಿ ಸೀಳಿರಬಹುದು, ಫಿಲ್ಟರ್ ಜಾಯಿಂಟ್ ಸಡಿಲ ಇರಬಹುದು. ಸೀಳಿದ ಪೈಪಿಗೆ ಅಂಟು ಹಚ್ಚುತ್ತಾ ಕೂರಬೇಡಿ, ಸುಮ್ನೆ ಬದಲಿಸಿ.

ಟ್ಯಾಂಕ್ ಮೇಲೆ ಅನುಮಾನವೇ? ಬಿಚ್ಚಿ ಖಾಲಿ ಮಾಡಿ. ಒಂದು ನಿಪ್ಪಲ್ (ಪೈಪ್ ಸಿಕ್ಕಿಸುವ ಮೂತಿ) ಮುಚ್ಚಿ, ಇನ್ನೊಂದಕ್ಕೆ ಪೈಪ್ ಸಿಕ್ಕಿಸಿ ಸಿರಿಂಜ್‌ನಿಂದ ಮೆಲ್ಲಗೆ ಗಾಳಿ ತುಂಬುತ್ತಾ ನೀರಲ್ಲಿ ಮುಳುಗಿಸಿ. ಬಾಯಿಂದ ಊದಲೇಬೇಡಿ, ಇಂಧನದಲ್ಲಿರುವ ಮೆಥನಾಲ್ ವಿಷ. ಮುಚ್ಚಳದ ಅಂಚಿನಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ ಓ-ರಿಂಗ್ (ಮುಚ್ಚಳದ ರಬ್ಬರ್ ಉಂಗುರ) ಹೋಗಿದೆ ಅಂತಲೇ. ಪರೀಕ್ಷೆ ಆದಮೇಲೆ ಒಳಗೆ ಹನಿ ನೀರೂ ಉಳಿಯದಂತೆ ಒಣಗಿಸಿ.

ಗುಳ್ಳೆಯೇ ಇಲ್ಲ, ಆದರೂ ಇಂಧನ ಬರುತ್ತಿಲ್ಲವೇ? ಎಕ್ಸಾಸ್ಟ್‌ನಿಂದ ಟ್ಯಾಂಕಿಗೆ ಹೋಗುವ ಒತ್ತಡದ ಪೈಪ್ ಮತ್ತು ಎಕ್ಸಾಸ್ಟ್ ನಿಪ್ಪಲ್‌ನಲ್ಲಿ ಸುಟ್ಟ ಎಣ್ಣೆಯ ಕಪ್ಪು ಜಿಡ್ಡು ಕಟ್ಟಿರಬಹುದು. ತಂತಿ ಹಾಕಿ ತೆಗೆಯಿರಿ. ಫಿಲ್ಟರನ್ನೂ ತೊಳೆಯಿರಿ.

ಇಷ್ಟಾದ ಮೇಲೆ ನೀಡಲ್. ಹೈಸ್ಪೀಡ್ ನೀಡಲನ್ನು (ಪೂರ್ತಿ ಥ್ರಾಟಲ್‌ನ ಇಂಧನ ಹೊಂದಿಸುವುದು) ಎಡಕ್ಕೆ ತಿರುಗಿಸಿದರೆ ಇಂಧನ ಜಾಸ್ತಿ. ಒಂದು ಸಲಕ್ಕೆ 1/8 ಸುತ್ತು ಸಾಕು. ಪೂರ್ತಿ ಥ್ರಾಟಲ್‌ನಲ್ಲಿ ತೆಳ್ಳಗೆ ನೀಲಿ ಹೊಗೆ ಬರುವವರೆಗೂ ಹೀಗೇ ಮಾಡಿ.