ಹಿಮಾಲಯದ ಸಹಾಯಾರ್ಥ ಚಾರಣಕ್ಕೆ ಮಲೆನಾಡಿನಲ್ಲಿ ಸಿದ್ಧತೆ

ಶಾಲೆಯ ಕಟ್ಟಡಕ್ಕೋ ಬಡ ರೋಗಿಗಳ ಚಿಕಿತ್ಸೆಗೋ ಹಣ ಕೂಡಿಸಲೆಂದು ಎವರೆಸ್ಟ್ ಬೇಸ್ ಕ್ಯಾಂಪಿನಂಥ ಎತ್ತರದ ಚಾರಣಕ್ಕೆ ಹೊರಡುವ ಶಿವಮೊಗ್ಗ ಸೀಮೆಯವರಿಗೆ ಒಂದು ಅನುಕೂಲವಿದೆ, ಜೊತೆಗೊಂದು ಭ್ರಮೆಯೂ ಇದೆ. ಕಾಲು ಪಳಗಿಸಲು ಬೇಕಾದ ಏರು ಮನೆಯ ಹತ್ತಿರವೇ ಸಿಗುತ್ತದೆ ಎಂಬುದು ಅನುಕೂಲ; ಕೊಡಚಾದ್ರಿಯನ್ನು ಸಲೀಸಾಗಿ ಹತ್ತಿಳಿದವರಿಗೆ ಹಿಮಾಲಯ ಕಷ್ಟವಾಗದು ಎಂಬುದು ಭ್ರಮೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ಬೇಸ್ ಕ್ಯಾಂಪ್ ಇರುವುದು 5,364 ಮೀಟರಿನಲ್ಲಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ. 21ರಷ್ಟೇ ಇದ್ದರೂ, ಬೇಸ್ ಕ್ಯಾಂಪಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧಕ್ಕೆ ಇಳಿಯುವುದರಿಂದ ಪ್ರತಿ ಉಸಿರಿಗೂ ದಕ್ಕುವ ಆಮ್ಲಜನಕ ಅರ್ಧವೇ ಆಗುತ್ತದೆ. ಇದನ್ನು ನಮ್ಮ ಯಾವ ಗುಡ್ಡವೂ ಅಭ್ಯಾಸ ಮಾಡಿಸಲಾರದು.

ಬೇಸ್ ಕ್ಯಾಂಪಿಗೆ ಮಾರ್ಚ್‌ನಿಂದ ಮೇ ಮತ್ತು ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಮಲೆನಾಡಿನವರು ಏಪ್ರಿಲ್ ಆರಿಸಿಕೊಳ್ಳುವುದು ಜಾಣತನ. ಅಕ್ಟೋಬರಿಗೆ ಹೊರಡುವುದಾದರೆ ತರಬೇತಿಯೆಲ್ಲ ಮಳೆಗಾಲಕ್ಕೆ ಸಿಕ್ಕಿ, ಜಾರುವ ಕಲ್ಲು ಮತ್ತು ಉಂಬಳಗಳ ನಡುವೆ ಅರ್ಧದಷ್ಟು ದಿನಗಳು ಕೈತಪ್ಪುತ್ತವೆ. ನವೆಂಬರಿನಲ್ಲಿ ತೊಡಗಿದರೆ ವಾರದ ದಿನಗಳಲ್ಲಿ ಬಿರುಸಿನ ನಡಿಗೆ ಹಾಗೂ ಮೆಟ್ಟಿಲು, ವಾರಾಂತ್ಯಕ್ಕೆ ಕುಂದಾದ್ರಿ ಅಥವಾ ಕವಲೇದುರ್ಗ, ಕಾಲು ಪಳಗಿದ ಮೇಲೆ ಕೊಡಚಾದ್ರಿ ಎಂಬ ಕ್ರಮ ಸರಿಹೋಗುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟಾದ್ದರಿಂದ, ಕಾಡಿನ ದಾರಿಗಳನ್ನು ಮೊದಲೇ ಮುಗಿಸಿ, ಅನುಮತಿ ವಿಚಾರಿಸಿಕೊಂಡೇ ಹೋಗಬೇಕು.

ಏರುವಾಗ ಬೆನ್ನಿನ ಮೇಲೆ ಭಾರವಿರಲಿ. ಅದಕ್ಕೆ ನೀರಿನ ಬಾಟಲಿಗಳಿಗಿಂತ ಒಳ್ಳೆಯ ಸಾಧನವಿಲ್ಲ: ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ತೂಕವನ್ನು ವಾರದಿಂದ ವಾರಕ್ಕೆ ಏರಿಸಬಹುದು, ಮಂಡಿ ನೋಯತೊಡಗಿದರೆ ತುದಿಯಲ್ಲೇ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಹಾಗೆಂದು ಇಳಿಯುವ ಅಭ್ಯಾಸವನ್ನೇ ಕಡೆಗಣಿಸಬಾರದು. ತೊಡೆ ಮತ್ತು ಮಂಡಿ ಸೋಲುವುದು ಹೆಚ್ಚಾಗಿ ಇಳಿಜಾರಿನಲ್ಲೇ. ಶೂ ಕೊಳ್ಳುವಾಗ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಅಂಗಡಿಯ ಮೆಟ್ಟಿಲನ್ನು ಇಳಿದು ನೋಡಿ, ಹೆಬ್ಬೆರಳು ಮುಂದಕ್ಕೆ ತಾಗದಿದ್ದರೆ ಮಾತ್ರ ತೆಗೆದುಕೊಳ್ಳಿ, ಮತ್ತು ತರಬೇತಿಯನ್ನೆಲ್ಲ ಅದೇ ಶೂನಲ್ಲಿ ಮಾಡಿ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿ ಬನಿಯನ್ ಅಲ್ಲಿಯ ಚಳಿಗೆ ಆಗದು. ಎತ್ತರದಲ್ಲಿ ಹಸಿವು ಸಾಯುವುದರಿಂದ ಹುರಿಹಿಟ್ಟು, ಗೊಜ್ಜವಲಕ್ಕಿ, ಸ್ವಲ್ಪ ಅಪ್ಪೆಮಿಡಿ ಕಟ್ಟಿಕೊಂಡು ಹೋಗುವುದನ್ನು ನಾನಂತೂ ಆಡಂಬರವೆನ್ನಲಾರೆ.

ಎತ್ತರಕ್ಕೆ ಮೈ ಒಗ್ಗಬೇಕಾದರೆ ಬೇಕಾದದ್ದು ದಿನಗಳು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ತಂಗಬೇಕು. ಆಯೋಜಕರ ವೇಳಾಪಟ್ಟಿಯಲ್ಲಿ ಬೇಸ್ ಕ್ಯಾಂಪಿನ ದಾರಿಯ ಊರುಗಳಾದ 3,440 ಮೀಟರಿನ ನಾಮ್ಚೆಯಲ್ಲೂ 4,410 ಮೀಟರಿನ ಡಿಂಗ್‌ಬೋಚೆಯಲ್ಲೂ ಎರಡೆರಡು ರಾತ್ರಿ ಇಲ್ಲದಿದ್ದರೆ, ದರ ಎಷ್ಟೇ ಕಡಿಮೆಯಿದ್ದರೂ ಬೇರೆಯವರನ್ನು ಹುಡುಕಿ. ಎತ್ತರದ ಕಾಯಿಲೆ ತಡೆಯಲು ಬಳಸುವ ಅಸೆಟಜೋಲಮೈಡ್ ಮಾತ್ರೆಯ ವಿಚಾರವನ್ನು, ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಅದನ್ನೂ ತಿಳಿಸಿ, ವೈದ್ಯರೊಂದಿಗೆ ಮುಂಚೆಯೇ ಮಾತಾಡಿಕೊಳ್ಳಬೇಕು. ತಲೆನೋವು, ವಾಕರಿಕೆ, ವಿಪರೀತ ಸುಸ್ತು ಕಂಡರೆ ಮೇಲೆ ಹೋಗುವುದು ಬೇಡ. ಸುಮ್ಮನೆ ಕುಳಿತಾಗಲೂ ಏದುಸಿರು ನಿಲ್ಲದಿದ್ದರೆ, ಅಥವಾ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ಹೆಜ್ಜೆಯಿಡುತ್ತ ನೇರ ಗೆರೆಯಲ್ಲಿ ನಡೆಯಲಾಗದೆ ಓಲಾಡಿದರೆ, ರಾತ್ರಿಯಾಗಿದ್ದರೂ ಜೊತೆಯವರೊಂದಿಗೆ ಕೂಡಲೇ ಕೆಳಗಿಳಿಯಬೇಕು.

ಸಹಾಯಾರ್ಥ ಚಾರಣದ ನಿಜವಾದ ಅಪಾಯ ಅಡಗಿರುವುದು ಇಲ್ಲೇ. ಊರಿನವರ ಹಣ ಪಡೆದು ಹೊರಟವನಿಗೆ ಅರ್ಧದಿಂದ ಮರಳುವುದು ಮಾನದ ಪ್ರಶ್ನೆಯಾಗಿ, ತಲೆ ಸಿಡಿಯುತ್ತಿದ್ದರೂ ಏನೂ ಇಲ್ಲವೆಂದು ಮಾರ್ಗದರ್ಶಿಗೆ ಸುಳ್ಳು ಹೇಳುವ ಆಸೆ ಹುಟ್ಟುತ್ತದೆ. ಆದ್ದರಿಂದ ಮನವಿಪತ್ರದಲ್ಲೇ, ನೀವು ಕೊಡುತ್ತಿರುವುದು ಉದ್ದೇಶಕ್ಕೇ ಹೊರತು ನಾನು ಮುಟ್ಟುವ ಎತ್ತರಕ್ಕಲ್ಲ, ನಡುವೆ ಹಿಂದಿರುಗಿದರೂ ಹಣ ಪೂರ್ತಿಯಾಗಿ ಸಂಸ್ಥೆಗೇ ಸಲ್ಲುತ್ತದೆ ಎಂದು ಬರೆಯಿರಿ. ಮೀಟರಿಗೆ ಇಷ್ಟು ರೂಪಾಯಿ ಎಂಬಂಥ ಪಂದ್ಯದ ದೇಣಿಗೆಯನ್ನು ನಯವಾಗಿ ನಿರಾಕರಿಸಿ.

ಚಾರಣದ ಖರ್ಚು ನಿಮ್ಮದೇ ಜೇಬಿನದಾಗಿರಲಿ. ನಮ್ಮ ದುಡ್ಡಿನಲ್ಲಿ ಹಿಮಾಲಯ ನೋಡಿಬಂದರು ಎಂಬ ಮಾತಿಗೆ ಆಗ ಆಸ್ಪದವಿರುವುದಿಲ್ಲ. ದೇಣಿಗೆ ನಿಮ್ಮ ಖಾತೆಗೆ ಬಾರದೆ ನೇರವಾಗಿ ಸಂಸ್ಥೆಯ ಖಾತೆಗೆ ಸೇರಲಿ, ರಸೀದಿಯನ್ನು ಸಂಸ್ಥೆಯೇ ಕೊಡಲಿ. ತೆರಿಗೆ ವಿನಾಯಿತಿ ಕೇಳುವ ದಾನಿಗಳಿಗೆ, 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲವೆಂದು ಮೊದಲೇ ತಿಳಿಸಿ. ವಿದೇಶದಲ್ಲಿರುವ ವಿದೇಶಿ ಪ್ರಜೆಗಳಿಂದ ಹಣ ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು. ವಿಮೆಯ ಪತ್ರದಲ್ಲಿ ನೀವು ಹೋಗುವ ಎತ್ತರ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯೇ ಎಂದು ನೋಡಿ, ಅದರ ಒಂದು ಪ್ರತಿಯನ್ನು ಮನೆಯವರಿಗೂ ಕೊಟ್ಟು ಹೊರಡಿ.