ಸೇನಾ ಕ್ಷಿಪ್ರಕ್ರಾಂತಿಯ ಹಳೆಯ ಚಿತ್ರವನ್ನೂ ಅದರ ಕಿರುತೆರೆ ರಿಮೇಕನ್ನೂ ಜೊತೆಗಿಟ್ಟು ನೋಡುವ ಬಗೆ

ಒಂದೇ ಪ್ರಸಂಗವನ್ನು ಬೇರೆ ಬೇರೆ ಅರ್ಥಧಾರಿಗಳ ಬಾಯಲ್ಲಿ ಕೇಳಿ, ಯಾರು ವಾದವನ್ನು ಎಲ್ಲಿ ತಿರುಗಿಸಿದರು ಎಂದು ತೂಗಿ ನೋಡುವ ಅಭ್ಯಾಸ ಮುಂಬೈ ಕನ್ನಡಿಗರಿಗೆ ತಾಳಮದ್ದಳೆಯಿಂದ ಬಂದಿದೆ. ರಿಮೇಕ್ ಚಿತ್ರ ನೋಡಲು ಬೇಕಾದದ್ದೂ ಅದೇ ಎಚ್ಚರ. ಮಾಟುಂಗಾದಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಸಂಘದ ಗೆಳೆಯರನ್ನು ಸೇರಿಸಿ ಇಂಥ ಪ್ರದರ್ಶನ ಏರ್ಪಡಿಸುವವರು ಜಾನ್ ಫ್ರಾಂಕೆನ್‌ಹೈಮರ್ ನಿರ್ದೇಶಿಸಿದ 1964ರ ‘ಸೆವೆನ್ ಡೇಸ್ ಇನ್ ಮೇ’ ಮತ್ತು ಅದನ್ನು ಆಧರಿಸಿ ಅಮೆರಿಕದ ಟಿವಿ ವಾಹಿನಿ ಎಚ್‌ಬಿಒ 1994ರಲ್ಲಿ ತೆರೆಗೆ ತಂದ ‘ದಿ ಎನಿಮಿ ವಿದಿನ್’ ಚಿತ್ರಗಳನ್ನು ಆರಿಸಿಕೊಳ್ಳಬಹುದು. ಮೊದಲನೆಯದು ಸುಮಾರು ಎರಡು ಗಂಟೆ, ಎರಡನೆಯದು ಸುಮಾರು ಒಂದೂವರೆ ಗಂಟೆ. ಲೋಕಲ್ ಹಿಡಿದು ದೂರ ಹೋಗುವವರೂ ಚರ್ಚೆಗೆ ಉಳಿಯಬೇಕಾದರೆ ಎರಡು ಶನಿವಾರಗಳಿಗೆ ಹಂಚುವುದೇ ಸರಿ.

ಹಳೆಯದನ್ನೇ ಮೊದಲು ತೋರಿಸಬೇಕು. ಸೋವಿಯತ್ ಒಕ್ಕೂಟದೊಂದಿಗೆ ಅಣ್ವಸ್ತ್ರ ನಿಶ್ಶಸ್ತ್ರೀಕರಣ ಒಪ್ಪಂದ ಮಾಡಿಕೊಂಡ ಅಧ್ಯಕ್ಷನನ್ನು ಕೆಳಗಿಳಿಸಲು ಸೇನೆಯ ಅತ್ಯುನ್ನತ ಜನರಲ್ ಹೂಡುವ ಸಂಚು ಇದರ ಕಥೆ. ಆ ಸಂಚು ಬಯಲಾಗುವ ಕ್ರಮವನ್ನು ಗಮನಿಸುವಂತೆ ನೋಡುಗರಿಗೆ ಮೊದಲೇ ಹೇಳಿಡಿ. ಮೇಲ್ನೋಟಕ್ಕೆ ಕುದುರೆ ಜೂಜಿಗೆ ಆಹ್ವಾನಿಸುವಂತೆ ತೋರುವ, ಆದರೆ ಸಂಚಿನ ಸಂಕೇತವಾದ ಒಂದು ಸಂದೇಶ ಸೇನಾಧಿಕಾರಿಗಳಿಗೆ ಹೋಗುತ್ತದೆ. ಒಬ್ಬ ಅಡ್ಮಿರಲ್ ಮಾತ್ರ ಒಲ್ಲೆನೆನ್ನುತ್ತಾನೆ. ವಿಷಯವನ್ನು ಜನರಲ್‌ನ ಕೈಕೆಳಗಿನ ಅಧಿಕಾರಿ ಕರ್ನಲ್ ಕೇಸಿಯ ಕಿವಿಗೆ ಹಾಕಿದ ಕಿರಿಯ ನೌಕಾಧಿಕಾರಿಗೆ ಹವಾಯಿಗೆ ವರ್ಗವಾಗುತ್ತದೆ. ಒಂದು ಗುಂಡೂ ಹಾರದೆ, ಬರಿಯ ಕಚೇರಿಯ ವ್ಯವಹಾರದಿಂದಲೇ ಭಯ ಹುಟ್ಟಿಸುವ ಈ ಭಾಗ ಚಿತ್ರದ ಶ್ರೇಷ್ಠ ಸಾಧನೆಯೆಂದು ನಾನು ತಿಳಿದಿದ್ದೇನೆ. ಜನರಲ್‌ನ ಹಳೆಯ ಪ್ರೇಮಪತ್ರಗಳು ಕೈಯಲ್ಲಿದ್ದರೂ ಅಧ್ಯಕ್ಷನು ಅವನ್ನು ಅಸ್ತ್ರವಾಗಿ ಬಳಸದಿರುವ ದೃಶ್ಯವೂ ಚರ್ಚೆಗೆ ಯೋಗ್ಯವಾದದ್ದು.

ಎರಡನೆಯ ಶನಿವಾರ ಚಿತ್ರಕ್ಕೆ ಮುನ್ನ ಹತ್ತು ನಿಮಿಷದ ಪೀಠಿಕೆ ಅಗತ್ಯ. ಅಮೆರಿಕದ ಅಧ್ಯಕ್ಷನು ನಮ್ಮ ರಾಷ್ಟ್ರಪತಿಯಂತಲ್ಲ, ಸರ್ಕಾರದ ಮುಖ್ಯಸ್ಥನೂ ಅವನೇ. 1967ರಲ್ಲಿ ಜಾರಿಗೆ ಬಂದ ಅಲ್ಲಿನ ಸಂವಿಧಾನದ 25ನೇ ತಿದ್ದುಪಡಿಯ ಪ್ರಕಾರ, ಉಪಾಧ್ಯಕ್ಷನೂ ಸಂಪುಟದ ಬಹುಮತವೂ ಸೇರಿ ಅಧ್ಯಕ್ಷನು ಕರ್ತವ್ಯ ನಿರ್ವಹಿಸಲು ಅಸಮರ್ಥನೆಂದು ಲಿಖಿತವಾಗಿ ಸಾರಿದರೆ ಅಧಿಕಾರ ಉಪಾಧ್ಯಕ್ಷನಿಗೆ ಹೋಗುತ್ತದೆ. ಅಧ್ಯಕ್ಷನು ಆಕ್ಷೇಪಿಸಿದರೆ ತೀರ್ಮಾನ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನದು. ಹಳೆಯ ಚಿತ್ರ ಬಂದಾಗ ಈ ತಿದ್ದುಪಡಿ ಇರಲಿಲ್ಲ. ಅಲ್ಲಿನ ಸಂಚುಗಾರರು ದೂರವಾಣಿ, ರೇಡಿಯೊ, ದೂರದರ್ಶನ ಜಾಲಗಳನ್ನು ವಶಪಡಿಸಿಕೊಳ್ಳಲು ಮರುಭೂಮಿಯಲ್ಲಿ ಗುಪ್ತ ಪಡೆಯೊಂದನ್ನು ಸಿದ್ಧಪಡಿಸುತ್ತಾರೆ. ರಿಮೇಕಿನಲ್ಲಿ ಸಂಚು ನೆಚ್ಚಿಕೊಳ್ಳುವುದು ಈ ತಿದ್ದುಪಡಿಯನ್ನೇ.

ಫಾರೆಸ್ಟ್ ವಿಟೇಕರ್, ಸ್ಯಾಮ್ ವಾಟರ್‌ಸ್ಟನ್, ಜೇಸನ್ ರೋಬಾರ್ಡ್ಸ್‌ರಂಥ ಸಮರ್ಥ ನಟರಿದ್ದರೂ ಕಿರುತೆರೆಯ ಚಿತ್ರ ಹಳೆಯದರ ಬಿಗಿಯನ್ನು ಮುಟ್ಟುವುದಿಲ್ಲ. ಆದರೂ ಅದರ ಮೂಲ ಕಲ್ಪನೆ ಹೆಚ್ಚು ಆತಂಕಕಾರಿಯಾದುದು, ಏಕೆಂದರೆ ಕಾನೂನಿನ ಕಾಗದದ ಮೇಲೆ ನಡೆಯುವ ಕ್ಷಿಪ್ರಕ್ರಾಂತಿಯನ್ನು ಗುರುತಿಸುವುದು ಕಷ್ಟ. ಚರ್ಚೆಯನ್ನು ನಟರ ಹೋಲಿಕೆಯಿಂದ ಆರಂಭಿಸಿದರೆ ಅದು ಅಲ್ಲಿಯೇ ಮುಗಿದುಹೋಗುತ್ತದೆ. ಅದರ ಬದಲು, ಅಧ್ಯಕ್ಷನೂ ಜನರಲ್ಲೂ ಎದುರುಬದುರಾಗುವ ಹಳೆಯ ಚಿತ್ರದ ದೃಶ್ಯವನ್ನು ಮತ್ತೊಮ್ಮೆ ಹಾಕಿ, ದೇಶವನ್ನು ಉಳಿಸುವ ಆಸೆಯಿದ್ದವನು ಚುನಾವಣೆಗೆ ನಿಲ್ಲಲಿ ಎಂಬ ಅಲ್ಲಿನ ವಾದ, ಎಲ್ಲ ಕಾಗದಪತ್ರಗಳೂ ಕ್ರಮಬದ್ಧವಾಗಿರುವ ರಿಮೇಕಿನ ಸಂಚಿನ ಎದುರು ಎಷ್ಟು ನಿಲ್ಲುತ್ತದೆಂದು ಸಭೆಯನ್ನು ಕೇಳಬೇಕು.