ಚೌಕಟ್ಟು ಮಾಡಿಸುವ ಮುಂಚೆ ಗಾಲಿಕುರ್ಚಿ ನೆನಪಿರಲಿ

ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಗಮನಿಸಿ. ಅಮ್ಮನಿಗೆ ಗಾಲಿಕುರ್ಚಿ ತಂದಾಗ ನಮ್ಮ ಬಚ್ಚಲಮನೆ ಬಾಗಿಲು ಎರಡೂವರೆ ಅಡಿ ಇತ್ತು, ಸಾಕು ಅಂದುಕೊಂಡಿದ್ದೆವು. ಚೌಕಟ್ಟು, ತೆರೆದ ಬಾಗಿಲಿನ ದಪ್ಪ ಕಳೆದರೆ ಉಳಿದಿದ್ದು ಬರೀ 25 ಇಂಚು. ಚಕ್ರ ತಳ್ಳುವಾಗ ಅಮ್ಮನ ಬೆರಳ ಗೆಣ್ಣುಗಳು ಎರಡೂ ಕಡೆ ತರಚಿ ಹೋಗುತ್ತಿದ್ದವು.

ಹಾಗಾಗಿ ಬಾಗಿಲು ಪೂರ್ತಿ ತೆರೆದು, ನಡುವಿನ ಖಾಲಿ ಜಾಗವನ್ನೇ ಅಳೆಯಿರಿ. 90 ಸೆಂಟಿಮೀಟರ್, ಅಂದರೆ ಹತ್ತತ್ರ ಮೂರು ಅಡಿ ಸಿಗಬೇಕು. ಅದಕ್ಕೆ ಗೋಡೆಯಲ್ಲಿ ಮೂರೂವರೆ ಅಡಿ ಬಿಡಲು ಗೌಂಡಿಗೆ ಮೊದಲೇ ಹೇಳಿ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದು ಬಾಗಿಲಿಗೆ ಅಡ್ಡವಾದರೆ ತಳ್ಳಿ ತೆಗೆಯೋಕೆ ಆಗಲ್ಲ, ಅಲ್ವಾ? ಎತ್ತರದ ಹೊಸ್ತಿಲು ಬೇಡ. ಗಾಲಿಕುರ್ಚಿ ಹತ್ತಿಸುವ ಇಳಿಜಾರಿಗೆ ಶಹಾಬಾದ್ ಕಲ್ಲು ಹಾಕಿಸಿದರೆ ಪಾಲಿಶ್ ಮಾಡದ್ದೇ ಇರಲಿ, ಪಾಲಿಶ್ ಕಲ್ಲು ನೀರು ಬಿದ್ದರೆ ಜಾಸ್ತಿ ಜಾರುತ್ತದೆ.